ಅರ್ಬಾಬರ ಮುಂದಿನ ಕಾಲು

ಕೊಲ್ಲಿ ನಾಡಿನ ಬರ್ಕಾದ ಪಂಪ್‌ಸೆಟ್ ಮಳಿಗೆಯ ಸ್ಟೋರ್‌ಕೀಪರ್ ಸೇಸಪ್ಪನವರು ಹದಿನಾಲ್ಕು ವರ್ಷಗಳಲ್ಲಿ ಯಾರನ್ನೂ ನಂಬಿದವರಲ್ಲ. ಅದನ್ನು ಅವರು ಸರ್ಕಾರ ಕೊಟ್ಟ ಬಿರುದಿನಂತೆ ಹೇಳಿಕೊಳ್ಳುತ್ತಿದ್ದರು. ಪೆಟ್ಟಿಗೆಯ ಮೇಲೆ ಹನ್ನೆರಡು ವಾಲ್ವ್ ಎಂದು ಬರೆದಿದ್ದರೆ ಪೆಟ್ಟಿಗೆ ಒಡೆದು ಎಣಿಸುವುದು ಅವರ ಕ್ರಮ. ಹನ್ನೊಂದಿದ್ದರೆ ಸಮಾಧಾನ. ಹನ್ನೆರಡೂ ಇದ್ದರೆ ಮಾತ್ರ ಅವರ ಹುಬ್ಬು ಗಂಟಿಕ್ಕುತ್ತಿತ್ತು. "ಇಷ್ಟು ಸರಿ ಇದೆ ಅಂದ್ರೆ ಎಂತದೋ ಉಂಟು."

ಇಂಥವರ ಕೈಗೆ ೧೯೯೫ರ ನವೆಂಬರ್ ಕೊನೆಯಲ್ಲಿ ಒಂದು ಪಟ್ಟಿ ಬಂತು. ಮಳಿಗೆಯ ಯಜಮಾನ, ಸೇಸಪ್ಪನವರಿಗೆ ವೀಸಾ ಕೊಟ್ಟ ಕಫೀಲ್ ಕೂಡ ಆದ ಅರ್ಬಾಬ್ ಹಮೂದ್, ಫ್ರಾನ್ಸಿನಲ್ಲಿದ್ದ ಭಾವಮೈದುನನ ಮಾತು ಕೇಳಿ ಹಿಮದ ಗುಡ್ಡದಲ್ಲಿ ಹಲಗೆಯ ಮೇಲೆ ನಿಂತು ಜಾರುವ ಆಟಕ್ಕೆ ಹೊರಟಿದ್ದರು. ಆಟಕ್ಕೆ ಬೇಕಾದ ಸಾಮಾನಿನ ಪಟ್ಟಿಯನ್ನು ಭಾವಮೈದುನ ಕಳಿಸಿದ್ದ. ಅರ್ಬಾಬರು ಅದನ್ನು ಸೇಸಪ್ಪನವರ ಮೇಜಿನ ಮೇಲಿಟ್ಟು, "ನೀನು ನೋಡು, ಯಾರೂ ನನಗೆ ಟೋಪಿ ಹಾಕಬಾರದು. ಇದು ಮುಗಿದ ದಿನ ನಿನ್ನ ರಜೆಗೆ ಸಹಿ" ಎಂದು ಹಿಂದಿಯಲ್ಲಿ ಹೇಳಿ ಹೋದರು.

ಆ ರಜೆ ಸಣ್ಣ ವಿಷಯವಲ್ಲ. ಡಿಸೆಂಬರ್ ಹತ್ತಕ್ಕೆ, ಧನುರ್ಮಾಸ ಹಿಡಿಯುವ ಮೊದಲು, ಬಂಟ್ವಾಳದಲ್ಲಿ ಮಗಳು ಕುಸುಮಳ ಸೀಮಂತ. ಗಂಡನ ಮನೆಯಿಂದ ಅವಳನ್ನು ತವರಿಗೆ ಕರೆತರಲು ಅಪ್ಪ ಹೋಗಲೇಬೇಕು. ಅವಳ ಮದುವೆಗೇ ರಜೆ ಸಿಗದೆ, ಧಾರೆ ಎರೆದದ್ದು ಚಿಕ್ಕಪ್ಪ. ಪಾಸ್‌ಪೋರ್ಟು ಆಫೀಸಿನ ಕಪಾಟಿನಲ್ಲಿತ್ತು. ಕಪಾಟಿನ ಬೀಗದ ಕೈ ಅಡ್ಮಿನಿಸ್ಟ್ರೇಶನ್ ನೋಡುತ್ತಿದ್ದ ಕಲ್ಯಾಣಪುರದ ವಿಕ್ಟರ್ ಬಳಿ. ವಿಕ್ಟರ್‌ಗೂ ಕ್ರಿಸ್ಮಸ್‌ಗೆ ಊರಿಗೆ ಹೋಗುವ ಆಸೆ. ಒಬ್ಬರಿಗೆ ಸಿಕ್ಕಿದರೆ ಇನ್ನೊಬ್ಬರಿಗೆ ಇಲ್ಲವೆಂದು ಸೇಸಪ್ಪನವರು ತಾವೇ ತೀರ್ಮಾನಿಸಿಕೊಂಡು ವಿಕ್ಟರನ ಮೇಲೊಂದು ಕಣ್ಣಿಟ್ಟಿದ್ದರು.

ಪಟ್ಟಿಯಲ್ಲಿ ಹನ್ನೊಂದು ವಸ್ತುಗಳು. ಮೂರನೆಯದರಲ್ಲೇ ಅವರಿಗೆ ಕಳ್ಳ ಸಿಕ್ಕಿದ. ಊರಿನಲ್ಲಿ ಕ್ರಿಸ್ತರನ್ನು ಕರೆಯುವಂತೆ ಪೊರ್ಬುಗಳೇ ಎಂದು ವಿಕ್ಟರನನ್ನು ಕರೆದರು.

"ಪೊರ್ಬುಗಳೇ, ಇಲ್ಲಿ ಬೈಂಡಿಂಗ್ ಅಂತ ಉಂಟಲ್ಲ, ಪುಸ್ತಕ ಎಲ್ಲಿ?"

"ಎಂತ ಪುಸ್ತಕ?"

"ಬೈಂಡಿಂಗ್ ಮಾಡ್ಲಿಕ್ಕೆ ಪುಸ್ತಕ ಬೇಡ್ವಾ? ಹಿಮದಲ್ಲಿ ಲೆಡ್ಜರ್ ಬರೀತಾರಾ ಇವರು?"

"ಅಯ್ಯೋ ಸೇಸಪ್ಪಣ್ಣ, ಅದು ಬೂಟನ್ನು ಹಲಗೆಗೆ ಬಿಗಿಯುವ ಪಟ್ಟಿ!"

"ಕಾಲನ್ನು ಹಲಗೆಗೆ ಕಟ್ಟಿ ಗುಡ್ಡದಿಂದ ಬಿಡುವುದಾ? ಅವರ ಭಾವಮೈದುನನಿಗೆ ಆಸ್ತಿ ಎಷ್ಟು ಬರ್ತದೆ?"

ವಿಕ್ಟರ್ ನಕ್ಕ. ಆ ನಗೆಯೂ ಸೇಸಪ್ಪನವರ ಮನಸ್ಸಿನ ಕಡತಕ್ಕೆ ಸೇರಿತು.

ಆದರೆ ಸಂಶಯಕ್ಕೆ ಅದರದೇ ಒಂದು ಬುದ್ಧಿ ಇರುತ್ತದೆ. ಜೀವನದಲ್ಲಿ ಒಮ್ಮೆ ಜಾರುವವರಿಗೆ ಇಷ್ಟೆಲ್ಲ ಕೊಳ್ಳುವುದೇಕೆ ಎಂದು ಅವರು ಒಂದು ರಾತ್ರಿಯೆಲ್ಲ ಯೋಚಿಸಿದರು. ಊರಿನಲ್ಲಿ ಮದುವೆಗೆ ಕಡಾಯಿ, ಕೊಪ್ಪರಿಗೆ, ಶಾಮಿಯಾನ ಬಾಡಿಗೆಗೆ ತರುತ್ತಾರೆ. ಮದುಮಗನ ಬನಿಯನ್ನನ್ನು ಯಾರೂ ಬಾಡಿಗೆಗೆ ತರುವುದಿಲ್ಲ. ಮರುದಿನ ಆ ಗುಡ್ಡದ ಬುಡದಲ್ಲಿದ್ದ ಬಾಡಿಗೆ ಅಂಗಡಿಗೆ ವಿಕ್ಟರನ ಇಂಗ್ಲಿಷಿನಲ್ಲಿ ಒಂದು ಫ್ಯಾಕ್ಸ್ ಹೋಯಿತು.

ಅಂಗಡಿಯವರ ಉತ್ತರ ಸೇಸಪ್ಪನವರ ಕೊಪ್ಪರಿಗೆ ಸಿದ್ಧಾಂತವನ್ನೇ ಎತ್ತಿ ಹಿಡಿಯಿತು. ಹೊಸಬರು ಹಲಗೆ, ಬೂಟು, ಬೈಂಡಿಂಗ್ ಮೂರನ್ನೂ ಬಾಡಿಗೆಗೆ ಪಡೆಯಲಿ. ಮೈಗೆ ತಾಗುವ ಒಳ ಉಡುಪು, ಉಣ್ಣೆಯ ಕಾಲುಚೀಲ, ನೀರಿಳಿಯದ ಕೈಗವಸು, ಕನ್ನಡಕ ಇವನ್ನು ಕೊಂಡು ತರಲಿ. ಮೊದಲ ದಿನವೆಲ್ಲ ಕುಂಡೆಯ ಮೇಲೆಯೇ ಬೀಳುವುದರಿಂದ ಹತ್ತಿ ತುಂಬಿದ ಚಡ್ಡಿಯೊಂದಿದ್ದರೆ ಉತ್ತಮ. ಇಷ್ಟು ಓದಿ ಸೇಸಪ್ಪನವರು ಮೀಸೆ ತಿರುವಿದರು. ಆಮೇಲೆ ಕೊನೆಯ ಸಾಲುಗಳನ್ನು ವಿಕ್ಟರ್ ಓದಿ ಹೇಳಿದ:

"ಎತ್ತರ, ತೂಕ, ಪಾದದ ಅಳತೆ ಕಳಿಸಬೇಕಂತೆ. ಮತ್ತೆ ಹಲಗೆ ಮೇಲೆ ಅಡ್ಡ ನಿಲ್ಲುವಾಗ ಯಾವ ಕಾಲು ಮುಂದೆ ಅಂತ. ಅದು ಗೊತ್ತಿಲ್ಲದಿದ್ರೆ, ಮನುಷ್ಯನಿಗೆ ಹೇಳದೆ ಹಿಂದಿನಿಂದ ದೂಡಬೇಕು. ಬೀಳದ ಹಾಗೆ ಯಾವ ಕಾಲು ಮುಂದಿಡ್ತಾನೋ ಅದು. ಎಡಗಾಲಾದ್ರೆ ರೆಗ್ಯುಲರ್, ಬಲಗಾಲಾದ್ರೆ ಗೂಫಿ."

ಸೇಸಪ್ಪನವರು ಡಿಕ್ಷನರಿ ತೆಗೆದರು. ಗೂಫಿ ಎಂದರೆ ಪೆದ್ದ.

ಎಲ್ಲ ಸ್ಪಷ್ಟವಾಯಿತು. ಇದು ಫ್ರಾನ್ಸಿನವರು ಬರೆದದ್ದಲ್ಲ, ವಿಕ್ಟರ್ ಸೇರಿಸಿದ್ದು. ಕಫೀಲನನ್ನು ಹಿಂದಿನಿಂದ ದೂಡಿಸಿ, ಆಮೇಲೆ ಪೆದ್ದನೆಂದು ಬರೆಸಿ, ಕೆಳಗೆ ಸೇಸಪ್ಪನ ಸಹಿ ಹಾಕಿಸುವುದು! ರಜೆಯೇನು, ಮರುದಿನದ ವಿಮಾನದಲ್ಲಿ ಖಲಾಸ್! ಸೀಮಂತಕ್ಕೆ ತಲುಪುತ್ತಿದ್ದರು, ನಿಜ; ಆದರೆ ಕೆಲಸ ಕಳಕೊಂಡ ಅಪ್ಪನಾಗಿ ಬೀಗರ ಚಾವಡಿಯಲ್ಲಿ ಕೂರಬೇಕಾಗುತ್ತಿತ್ತು.

"ಈ ಸಾಲು ಯಾರು ಬರೆದದ್ದು ಪೊರ್ಬುಗಳೇ?"

"ಫ್ಯಾಕ್ಸ್ ನಂಬರ್ ನೋಡಿ ಮಾರಾಯ್ರೆ, ಮೇಲೆ ಅವರದ್ದೇ ಉಂಟಲ್ಲ!"

ನಂಬರ್ ಸರಿಯಾಗಿತ್ತು. ಅದೇ ಅವರಿಗೆ ಸರಿಬರಲಿಲ್ಲ.

ದೂಡದೆಯೇ ಪತ್ತೆ ಮಾಡುತ್ತೇನೆಂದು ಅವರು ಹೊರಟರು. ಮೂರು ದಿನ ಅರ್ಬಾಬರ ಬೈಠಕ್ ಕೋಣೆಯ ಎದುರು ಪೈಪುಗಳ ರಾಶಿಯ ಹಿಂದೆ ಕೂತು ಲೆಕ್ಕ ಬರೆದರು. ಹೊಸಿಲು ದಾಟಿದ್ದು ಹದಿನೇಳು ಸಲ, ಹದಿನೇಳೂ ಬಲಗಾಲು. ಹಾಗಾದರೆ ಗೂಫಿ. ಅಷ್ಟರಲ್ಲಿ ವಿಕ್ಟರ್ ಬಂದು, "ನಾನು ನೋಡಿದಾಗೆಲ್ಲ ಎಡಗಾಲೇ ಮುಂದೆ" ಎಂದ.

"ಎಲ್ಲಿ ನೋಡಿದ್ದು?"

"ಬಾತ್‌ರೂಮಿನ ಹತ್ರ."

ಇಬ್ಬರೂ ವಾದಿಸುತ್ತಿದ್ದಾಗ ಸುಲೈಮಾನಿ ಚಹಾ ತಂದ ಅಡುಗೆಯ ಉಮರಬ್ಬ ಟ್ರೇ ಕೆಳಗಿಟ್ಟು ಹಣೆ ಚಚ್ಚಿಕೊಂಡರು. "ನಿಮ್ಮಿಬ್ಬರಿಗೂ ಬುದ್ಧಿ ಉಂಟಾ? ಒಳ್ಳೆ ಜಾಗಕ್ಕೆ ಬಲಗಾಲು, ಕಕ್ಕಸಿಗೆ ಎಡಗಾಲು. ಅದು ನಮಗೆ ಹೆತ್ತ ಉಮ್ಮ ಕಲಿಸಿದ್ದು, ಕಾಲು ಕಲಿತದ್ದಲ್ಲ. ಯಾಕೆ ಸೇಸಪ್ಪಣ್ಣ, ನಿಮ್ಮ ಸೊಸೆಯಂದಿರು ಎಡಗಾಲಿಟ್ಟು ಮನೆಗೆ ಬರ್ತಾರಾ?"

ಮೂರು ದಿನದ ಲೆಕ್ಕ ಸುಲೈಮಾನಿಯಲ್ಲಿ ಕರಗಿತು. ಅರ್ಬಾಬರು ಹೊರಡಲು ಇನ್ನು ಎರಡೇ ದಿನ.

"ಅವರಲ್ಲೇ ಹೇಳಿ ದೂಡುವುದು" ಎಂದ ವಿಕ್ಟರ್.

"ಹೇಳದೆ ದೂಡಬೇಕು ಅಂತ ಉಂಟಲ್ಲ. ಹೇಳಿದ್ರೆ ಮತ್ತೆ ಉಮ್ಮ ಕಲಿಸಿದ ಕಾಲೇ ಬರ್ತದೆ. ನೀವೇ ದೂಡಿ."

"ನನಗೂ ಹೆಂಡ್ತಿ ಮಕ್ಕಳು ಇದ್ದಾರೆ ಮಾರಾಯ್ರೆ. ನಿಮ್ಮ ರಜೆ, ನಿಮ್ಮ ಕೈ."

ಮರುದಿನ ಬೆಳಿಗ್ಗೆ ಅರ್ಬಾಬರು ಸ್ಟೋರಿಗೆ ಬಂದು, ಹೊಸ ಪಂಪೊಂದನ್ನು ನೋಡುತ್ತ ಬೆನ್ನು ತಿರುಗಿಸಿ ನಿಂತರು. ಬಿಳಿ ದಿಶ್‌ದಾಶಾ ನಿಲುವಂಗಿ, ಅಗಲ ಬೆನ್ನು, ಅತ್ತರಿನ ವಾಸನೆ. ಸೇಸಪ್ಪನವರು ಬಾಗಿಲ ಕಡೆ ನೋಡಿದರು. ವಿಕ್ಟರ್ ಇರಲಿಲ್ಲ, ಸಾಕ್ಷಿ ಹೇಳಲು ಎಲ್ಲೋ ಅಡಗಿರಬೇಕು. ಕುಸುಮ ಐದು ವರ್ಷದವಳಿದ್ದಾಗ ಅವಳನ್ನು ಉಯ್ಯಾಲೆಯಲ್ಲಿ ದೂಡಿದ್ದು ನೆನಪಾಯಿತು. ಕಣ್ಣು ಮುಚ್ಚಿ ಅಷ್ಟೇ ಬಲದಲ್ಲಿ ದೂಡಿದರು.

ಅರ್ಬಾಬರು ಮುಗ್ಗರಿಸಿ ಒಂದು ಹೆಜ್ಜೆ ಮುಂದಿಟ್ಟು ನಿಂತರು. ನಿಧಾನವಾಗಿ ತಿರುಗಿದರು.

"ಏಶ್ ಹಾದಾ, ಸೇಸಪ್ಪಾ? ಇದೇನಿದು?"

"ಬಲಗಾಲು, ಅರ್ಬಾಬ್!" ಸೇಸಪ್ಪನವರು ಫ್ಯಾಕ್ಸನ್ನು ಎರಡು ಕೈಯಿಂದ ಹಿಡಿದು ಮುಂದೆ ಚಾಚಿದರು.

ಅರ್ಬಾಬರು ಓದಿದರು. ಮತ್ತೊಮ್ಮೆ ಓದಿದರು. ಬೆರಳು ಒಂದು ಪದದ ಮೇಲೆ ನಿಂತಿತು. "ಗೂಫಿ? ಅಂದರೇನು?"

ಹದಿನಾಲ್ಕು ವರ್ಷ ಇತರರ ಸುಳ್ಳುಗಳನ್ನು ಹುಡುಕಿದ್ದ ಮನುಷ್ಯನಿಗೆ ಆ ಕ್ಷಣ ಅವೆಲ್ಲ ಉಪಕಾರಕ್ಕೆ ಬಂದವು. "ಶುಭ ಕಾಲಿನವರು ಅಂತ, ಅರ್ಬಾಬ್. ತಾವಾಗಿಯೇ ಬಲಗಾಲು ಬರುವವರು. ಸಾವಿರಕ್ಕೆ ಒಬ್ಬರಂತೆ."

"ಮಾಶಾಅಲ್ಲಾ!" ಅರ್ಬಾಬರ ಮುಖ ಅರಳಿತು. "ಬರೆ, ದೊಡ್ಡ ಅಕ್ಷರದಲ್ಲಿ ಬರೆ." ಆಮೇಲೆ ಉತ್ಸಾಹ ತಡೆಯದೆ, "ಈಗ ನೀನು ತಿರುಗು, ನಿನ್ನದು ಯಾವ ಕಾಲು ನೋಡೋಣ" ಎಂದರು.

ಸೇಸಪ್ಪನವರು ತಿರುಗಿದರು. ಅರ್ಬಾಬರ ಕೈ ತಾಗುವ ಮೊದಲೇ ಗರಕ್ಕನೆ ಹಿಂದೆ ತಿರುಗಿ ಎದುರಾದರು. ಮೂರು ಸಲ ಪ್ರಯತ್ನಿಸಿದರೂ ಮೂರು ಸಲವೂ ಮುಖವೇ ಬಂತು, ಕಾಲು ಬರಲಿಲ್ಲ. "ನೀನು ಹಿಮಕ್ಕೆ ಬೇಡ, ಊರಿಗೆ ಹೋಗು" ಎಂದು ನಗುತ್ತ ಅರ್ಬಾಬರು ರಜೆಯ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು.

ಸಂಜೆ ವಿಕ್ಟರ್ ಕಪಾಟು ತೆರೆದು ಪಾಸ್‌ಪೋರ್ಟು ಕೊಟ್ಟ. "ನನಗೂ ಇಪ್ಪತ್ತರ ರಜೆಗೆ ಸಹಿ ಆಯ್ತು, ಸೇಸಪ್ಪಣ್ಣ. ಇಬ್ಬರಿಗೂ ಕೊಡುವುದಂತ ಅರ್ಬಾಬರು ಮೊದಲೇ ತೀರ್ಮಾನ ಮಾಡಿದ್ರಂತೆ. ಕುಸುಮಳಿಗೆ ನನ್ನ ಹೆಂಡ್ತಿ ಏಂಜೆಲಾ ಬೆಳಿಗ್ಗೆ ಕರಿದ ಕ್ರಿಸ್ಮಸ್ ತಿಂಡಿ ಕುಲ್‌ಕುಲ್ ಕಳಿಸಿದ್ದಾಳೆ, ಡಬ್ಬ ಇಲ್ಲುಂಟು."

ಸೇಸಪ್ಪನವರು ಡಬ್ಬವನ್ನು ಕಂಕುಳಲ್ಲಿಟ್ಟುಕೊಂಡು ಪಾಸ್‌ಪೋರ್ಟಿನ ಪುಟಗಳನ್ನು ಒಂದೊಂದಾಗಿ ತಿರುವಿ, ಫೋಟೋದ ಬಳಿ ನಿಂತರು.

"ನಿಮ್ಮದೇ ಮಾರಾಯ್ರೆ" ಎಂದ ವಿಕ್ಟರ್.

"ಮುಖ ನನ್ನದೇ. ಆದ್ರೆ ನಗಾಡ್ತಾ ಉಂಟಲ್ಲ ಪೊರ್ಬುಗಳೇ, ಯಾಕಂತ ಗೊತ್ತಾಗ್ತಾ ಇಲ್ಲ."