ನಮ್ಮಪ್ಪ ತೀರಿಕೊಂಡದ್ದಕ್ಕೆ ಚಲಪತಿ ತಲೆ ಬೋಳಿಸಿಕೊಂಡದ್ದು

ಗೆಳೆಯರೇ, ಇವತ್ತು ನಮ್ಮಪ್ಪನ ತಿಥಿ. ಈ ದಿನ ನನಗೆ ಅಪ್ಪನಿಗಿಂತ ಮೊದಲು ನೆನಪಾಗುವವನು ಚಲಪತಿ.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಗುಮಾಸ್ತರು. ನಾನು ಅಂಗಿ ಹೊಲಿಸಿದರೆ ಅವನೂ ಅದೇ ಬಟ್ಟೆಯಲ್ಲಿ ಹೊಲಿಸುತ್ತಿದ್ದ. ನನಗೆ ಜ್ವರ ಬಂದರೆ ಅವನೂ ಕಂಬಳಿ ಹೊದ್ದು ಮಲಗುತ್ತಿದ್ದ. ಅಪ್ಪ ತೀರಿಕೊಂಡಾಗ, ಕೆರೆಯ ಹತ್ತಿರ ನಾನು ತಲೆ ಬೋಳಿಸಿಕೊಂಡು ಎದ್ದ ಜಾಗದಲ್ಲೇ ಚಲಪತಿ ಬಂದು ಕೂತ.

"ಲೇ, ನಿಮ್ಮಪ್ಪ ಇನ್ನೂ ಬದುಕವ್ರೆ ಕಣೋ!" ಎಂದೆ.

"ಇರ್ಲಿ ಬಿಡೋ. ನೀನೊಬ್ಬನೇ ಬೋಳಾಗಿ ಓಡಾಡೋದು ನನ್ ಕೈಲಿ ನೋಡಕ್ಕಾಗಲ್ಲ" ಎಂದು ಮೀಸೆಯನ್ನೂ ತೆಗೆಸಿಕೊಂಡ.

ಅವನನ್ನು ಪೇಟೆಯಲ್ಲಿ ಕಂಡ ಯಾರೋ ಅವನ ಊರು ಯಲ್ದೂರಿಗೆ ಸುದ್ದಿ ಮುಟ್ಟಿಸಿದರು. ನೆಂಟರು ಹಾರ ಹಿಡಿದು ಅಳುತ್ತಾ ಹೋದರೆ, ಚಲಪತಿಯ ಅಪ್ಪ ಜಗಲಿಯಲ್ಲಿ ಕೂತು ಮುದ್ದೆ ನುಂಗುತ್ತಿದ್ದರಂತೆ. ಮುಂದಿನ ಬಸ್ಸಿಗೇ ಅವರು ನಮ್ಮ ಮಂಡಿಗೆ ಬಂದಿಳಿದರು.

"ಏನ್ಲಾ, ನಾನ್ ಯಾವಾಗ್ಲಾ ಸತ್ತೆ?"

"ನೀನಲ್ಲಪ್ಪ, ಇವರಪ್ಪ."

"ಮತ್ತೆ ನಾನ್ ಸತ್ರೆ ಏನ್ಲಾ ಬೋಳಿಸ್ಕೊಂತೀಯ?"

ಚಲಪತಿ ತಲೆ ಸವರಿಕೊಂಡು ಯೋಚಿಸಿದ. "ಬೆಳೆಯೋಗಂಟ ಒಸಿ ತಡ್ಕೋಪ್ಪ" ಎಂದ.

ಅವನ ಅಪ್ಪ ಕಾಲಿನ ಚಪ್ಪಲಿ ಕಿತ್ತು, ಇದಕ್ಕೆಲ್ಲ ನೀನೇ ಮೂಲ ಎಂದು ನನಗೆ ಬಾರಿಸಿದರು. ಚಲಪತಿ ತಕ್ಷಣ ಬೆನ್ನೊಡ್ಡಿ ನಿಂತ. ಅವರು ಅವನನ್ನು ಮುಟ್ಟದೆ ಹೊರಟುಹೋದರು.

ಆ ಏಟು ನನಗೊಬ್ಬನಿಗೇ ಸಿಕ್ಕಿತೆಂದು ಚಲಪತಿ ಇವತ್ತಿಗೂ ಕೊರಗುತ್ತಾನೆ.