ಕುಗ್ಗಿದ ತೂತು

ಪೊಲೀಸರ ಪ್ರಯೋಗಾಲಯದಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರಿರಲಿಲ್ಲ. ಎಲ್ಲರ ಬಾಯಲ್ಲೂ ತೂತಪ್ಪ. ಗುಂಡು ಬಿದ್ದ ಗಾಜು, ತಗಡು, ಬಾಗಿಲು ಏನೇ ಬರಲಿ, ತೂತಿನ ಅಂಚಿಗೆ ಬೆರಳಾಡಿಸಿ, ಗುಂಡು ಯಾವ ಕಡೆಯಿಂದ ಬಂತು, ಎಷ್ಟು ದಪ್ಪದ್ದು ಎಂದು ಹೇಳುವುದು ಅವನ ಕಸುಬು. ಊರ ತೂತೆಲ್ಲ ಕಾಣುತ್ತೆ, ಮನೆ ಸೊಳ್ಳೆಪರದೆಯ ತೂತು ಮಾತ್ರ ಕಾಣಲ್ಲ ಎಂದು ಹೆಂಡತಿ ಚುಚ್ಚುತ್ತಿದ್ದಳು. ಮೂಗಿನ ತುದಿಯಲ್ಲೇ ಕೋಪವಿದ್ದ ಮನುಷ್ಯ, ಆ ಮಾತಿಗೆ ಮಾತ್ರ ನಗುತ್ತಿದ್ದ.

ಆ ಸಲ ಬಂದದ್ದು ಗಾಜಲ್ಲ. ಬೈಕ್ ರಿಪೇರಿ ಶೆಡ್ಡಿಗೆ ಗೋಡೆಯಾಗಿ ಹಾಕಿದ್ದ ಪಾರದರ್ಶಕ ಪ್ಲಾಸ್ಟಿಕ್ ಶೀಟು. ಅದನ್ನು ತೂರಿದ ಗುಂಡು ಒಳಗಿದ್ದ ಮೆಕ್ಯಾನಿಕ್‌ನ ಭುಜ ಸವರಿ ಬಾಗಿಲಾಚೆ ಹಾರಿಹೋಗಿತ್ತು. ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಅನುಮಾನ ಇಬ್ಬರ ಮೇಲೆ. ಒಬ್ಬ ಪಕ್ಕದ ಗೋದಾಮಿನ ಕಾವಲುಗಾರ, ಅವನದು ದಪ್ಪ ಗುಂಡಿನ ಬಂದೂಕು. ಇನ್ನೊಬ್ಬ ಮೆಕ್ಯಾನಿಕ್‌ನ ಷಡ್ಡಕ, ಅವನ ಹತ್ತಿರ ಸಣ್ಣ ಪಿಸ್ತೂಲು; ಮೆಕ್ಯಾನಿಕ್‌ನ ಜೊತೆ ಅವನಿಗೆ ಜಾಗದ ಜಗಳ ಬೇರೆ. ತೂತಪ್ಪ ಅಳೆದು ನೋಡಿ, ತೂತು ಸಣ್ಣದು, ಗುಂಡೂ ಸಣ್ಣದೇ ಎಂದು ಇನ್‌ಸ್ಪೆಕ್ಟರಿಗೆ ಫೋನಿನಲ್ಲೇ ಹೇಳಿಬಿಟ್ಟ. ಸಂಜೆಯೊಳಗೆ ಷಡ್ಡಕ ಲಾಕಪ್ಪಿನಲ್ಲಿದ್ದ.

ಮರುದಿನ ವರದಿಗೆ ಸಹಿ ಹಾಕಬೇಕಾದ ಮೇಡಂ, ಅದೇ ಶೀಟಿನ ತುಂಡಿಗೆ ಗುಂಡು ಹೊಡೆದು ನೋಡಿದಿರಾ ಎಂದು ಕೇಳಿದರು. ತೂತಪ್ಪನ ಪಿತ್ತ ನೆತ್ತಿಗೇರಿತು. ಗಾಜು ನೋಡಿ ನೋಡಿಯೇ ತಲೆ ನರೆತಿದೆ, ನನಗೆ ಅಳತೆ ಕಲಿಸಬೇಡಿ ಎಂದ.

ಮೇಡಂ ದನಿ ಏರಿಸಲಿಲ್ಲ. "ಇದು ಗಾಜಲ್ಲ ಕಣ್ರೀ."

ಅವರ ಬಾಯಿ ಮುಚ್ಚಿಸಲೆಂದೇ ಅವನು ಶೀಟಿನಿಂದ ಎರಡು ತುಂಡು ಕತ್ತರಿಸಿ ಮರಳಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದ. ಮೊದಲು ಪಿಸ್ತೂಲು ಹಾರಿಸಿದ. ಬೆಂಕಿಕಡ್ಡಿ ತೂರುವಷ್ಟೇ ಕಿಂಡಿ ಉಳಿಯಿತು, ಶೆಡ್ಡಿನ ತೂತಿಗಿಂತ ತೀರಾ ಸಣ್ಣದು. ಆಮೇಲೆ ಬಂದೂಕು. ಆ ದಪ್ಪ ಗುಂಡಿಗೆ ಪ್ಲಾಸ್ಟಿಕ್ಕು ಹಿಗ್ಗಿ ದಾರಿ ಬಿಟ್ಟು, ಅದು ದಾಟಿದ ಮೇಲೆ ಮತ್ತೆ ಕುಗ್ಗಿಕೊಂಡಿತ್ತು. ಬಂದೂಕಿನ ಆ ತೂತನ್ನು ಶೆಡ್ಡಿನ ತೂತಿನ ಪಕ್ಕ ಹಿಡಿದು ನೋಡಿದ. ಎರಡೂ ಒಂದೇ ಅಚ್ಚು.

ಅವನು ತುಂಡನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದ. ಗಾಜು ಒಡೆದರೆ ಒಡೆದ ಹಾಗೇ ಇರುತ್ತದೆ, ಇದು ಪೆಟ್ಟು ತಿಂದೂ ಮುಚ್ಚಿಟ್ಟುಕೊಳ್ಳುವ ಜಾತಿ. ಕೋಪವೇನೋ ಉಕ್ಕಿತು, ಯಾರ ಮೇಲೆ ಸುರಿಯುವುದು ಎಂದು ತಿಳಿಯಲಿಲ್ಲ.

ವರದಿ ಇನ್ನೂ ಹೋಗಿಲ್ಲವಲ್ಲ, ಸರಿಯಾದದ್ದನ್ನೇ ಬರೆಯಿರಿ, ಫೋನಿನ ಮಾತಿಗೇನು ಲೆಕ್ಕ ಎಂದರು ಮೇಡಂ. ಲೆಕ್ಕವಿಲ್ಲದ ಆ ಮಾತಿಗೇ ಒಬ್ಬ ಒಳಗೆ ಕೂತಿದ್ದಾನಲ್ಲ ಎಂದುಕೊಂಡು ತೂತಪ್ಪ ಎರಡು ತುಂಡನ್ನೂ ಕಂಕುಳಲ್ಲಿಟ್ಟುಕೊಂಡು ಠಾಣೆಗೆ ನಡೆದ.

"ನಿನ್ನೆ ಅಷ್ಟು ಗಟ್ಟಿಯಾಗಿ ಹೇಳಿದ್ರಲ್ರೀ?" ಎಂದ ಇನ್‌ಸ್ಪೆಕ್ಟರ್.

"ಗಟ್ಟಿಯಾಗೇ ಹೇಳ್ದೆ, ತಪ್ಪಾಗಿ ಹೇಳ್ದೆ. ಅವನನ್ನ ಬಿಡಿ ಸಾರ್."

"ಹಂಗಾದ್ರೆ ಕಾವಲುಗಾರನೇ ಅನ್ನಿ."

ಹೂಂ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ತೂತಪ್ಪ ನುಂಗಿಕೊಂಡ. "ಅಂಥ ಬಂದೂಕು ಅಂತ ಮಾತ್ರ ಹೇಳ್ತೀನಿ. ಹಾರಿಸಿದ್ದು ಯಾರು ಅಂತ ತೂತು ಹೇಳಲ್ಲ. ಅದನ್ನ ನೀವೇ ವಿಚಾರಿಸ್ಬೇಕು."

ಕಾಗದಪತ್ರ ಮುಗಿಯುವವರೆಗೂ ಅವನು ಬೆಂಚು ಬಿಟ್ಟು ಏಳಲಿಲ್ಲ. ಷಡ್ಡಕ ಹೊರಬಂದು, ಚಪ್ಪಲಿ ಹುಡುಕುತ್ತ, ಈ ಮನುಷ್ಯ ಯಾರು ಎಂದು ಪೇದೆಯನ್ನು ಕೇಳಿದ. ಪೇದೆ ಇದ್ದದ್ದು ಇದ್ದಂತೆ ಹೇಳಿದ.

"ನನ್ನ ಒಳಗೆ ಹಾಕ್ಸಿದ್ದು ನೀನೇನಾ?"

"ನಾನೇ."

ಷಡ್ಡಕ ಬಾಯಿಗೆ ಬಂದಂತೆ ಬೈದ. ಅಪ್ಪ, ಅಜ್ಜ ಯಾರನ್ನೂ ಬಿಡಲಿಲ್ಲ. ತೂತಪ್ಪ ಕೈಕಟ್ಟಿ ನಿಂತು, ಅವನಿಗೆ ಸಾಕೆನಿಸುವವರೆಗೂ ಕೇಳಿಸಿಕೊಂಡ.