ಮನೆ ಬಿಡುವ ಸುದ್ದಿ ಮೊದಲು ಸಾಹೇಬರಿಗೆ

ಸವಣೂರಿನಲ್ಲಿ ಸೇವು-ಖಾರ ಕರಿದು ಮಾರುತ್ತಿದ್ದ ಮಂಜವ್ವ ಮದುವೆಯಾದಾಗಿನಿಂದ ಬಾಡಿಗೆ ಮನೆಗಳಲ್ಲೇ ಬದುಕಿದವಳು. ೧೯೬೧ರ ಯುಗಾದಿ ಮುಗಿಯುವ ಹೊತ್ತಿಗೆ ಶಿಗ್ಗಾವಿಯಲ್ಲಿ ಅವಳದೇ ಮನೆಯ ಗೋಡೆ ಎದೆಮಟ್ಟ ಎದ್ದಿತು. ಮುಂದೆ ಅಂಗಡಿ, ಹಿಂದೆ ಅಡುಗೆಮನೆ. ಗಂಡ ಗುದ್ಲೆಪ್ಪನ ಜೊತೆ ನೋಡಲು ಹೋದ ದಿನ, ಇನ್ನೂ ಬಾಗಿಲೇ ಇಲ್ಲದ ಜಾಗದಲ್ಲಿ ಒಳಗೆ ಹೊರಗೆ ಸುಮ್ಮನೆ ಓಡಾಡಿದಳು.

ಸವಣೂರಿಗೆ ಮರಳಿದವಳೇ, "ಈಗ ಹೋಗಿ ಸಾಹೇಬ್ರಿಗೆ ಹೇಳಿ ಬರ್ತೇನಿ," ಎಂದಳು. ಸಾಹೇಬರೆಂದರೆ ಈಗಿರುವ ಬಾಡಿಗೆ ಮನೆಯ ಮಾಲೀಕ, ವೀಳ್ಯದೆಲೆ ತೋಟದ ಅಲ್ಲಾಭಕ್ಷ.

ಗುದ್ಲೆಪ್ಪ ಗಾಬರಿಯಾದ. "ಈಗ ಬ್ಯಾಡ. ಹಂಚು ಹೊಚ್ಚೋದು ಮುಗೀಲಿ, ಬಂಡಿ ಹೂಡಿದ ಮ್ಯಾಲೆ ಹೇಳಿದ್ರಾತು. ಚಿಕ್ಕೇರೂರಾಗ ಏನಾತು ಮರ್ತಿಯೇನ?"

ಮರೆತಿರಲಿಲ್ಲ. ಮುಂದಿನ ತಿಂಗಳು ಮನೆ ಬಿಡುತ್ತೇವೆ ಎಂದದ್ದಕ್ಕೆ ಚಿಕ್ಕೇರೂರಿನ ಮಾಲೀಕ ಮರುದಿನವೇ ಪಾತ್ರೆಪಗಡವನ್ನೆಲ್ಲ ಅಂಗಳಕ್ಕೆ ತಂದಿಟ್ಟಿದ್ದ. ಸುರಿಯುವ ಮಳೆಯಲ್ಲಿ ಮಂಜವ್ವ ಖಾರದ ಬಾಣಲಿಯನ್ನೇ ತಲೆಯ ಮೇಲೆ ಬೋರಲು ಹಿಡಿದು ನಿಂತಿದ್ದಳು.

"ಅಂವ ಹಂಗ ಮಾಡಿದಾ ಅಂತ ನಾವು ಹಿಂಗ ಮಾಡೋದೇನ್ರಿ? ಬ್ಯಾರೆಯವರನ್ನ ಹುಡುಕಾಕ ಸಾಹೇಬ್ರಿಗೂ ಒಂದ ತಿಂಗಳ ಬೇಕಲ್ಲ. ಊರ ಮಂದಿ ಬಾಯಿಂದ ಕೇಳಿದ್ರ ಅವರ ಮುಖ ಹೆಂಗ ನೋಡ್ಲಿ?" ಎಂದು ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಓಣಿಯ ತಿರುವಿನಲ್ಲಿ ನೆರೆಮನೆಯ ಅನ್ನವ್ವ ತಡೆದಳು. "ಏನವ್ವಾ, ಮಾರಿ ಇಷ್ಟ ಅರಳೈತಿ?"

ಸುದ್ದಿ ನಾಲಿಗೆಯ ತುದಿಗೇ ಬಂದಿತ್ತು. "ಬರುವಾಗ ಹೇಳ್ತೇನಿ!" ಎಂದು ನಗುತ್ತಲೇ ಓಡಿದಳು.

ಅಲ್ಲಾಭಕ್ಷ ತೋಟದಲ್ಲಿ ಎಲೆಬಳ್ಳಿ ಕಟ್ಟುತ್ತಿದ್ದ. ಏದುಸಿರು ಬಿಡುತ್ತ ನಿಂತವಳನ್ನು ಕಂಡು, "ಏನಾತವ್ವಾ?" ಎಂದ. ಅಷ್ಟರಲ್ಲಿ ಅವಳ ಧೈರ್ಯ ಅರ್ಧ ಕರಗಿತ್ತು. ನಾಳೆಯೇ ಬಿಡು ಎಂದರೆ ಹಂಚಿಲ್ಲದ ಮನೆಗೆ ಹೋಗುವುದು ಹೇಗೆ?

"ಸಾಹೇಬ್ರ, ಶಿಗ್ಗಾವ್ಯಾಗ ನಮ್ಮದ ಮನಿ ಆಗಾಕತ್ತೈತ್ರಿ. ಬಸವ ಜಯಂತಿಗೆ ನಿಮ್ಮ ಮನಿ ಬಿಡ್ತೇವಿ. ಯಾರಿಗೂ ಹೇಳಿಲ್ಲ, ಮೊದಲ ನಿಮಗ ಹೇಳಾಕ ಬಂದೇನಿ."

ಅವನು ಬಳ್ಳಿಯನ್ನು ಕೈಬಿಟ್ಟ. ಆಮೇಲೆ ತೋಟವೆಲ್ಲ ಕೇಳುವಂತೆ ನಕ್ಕ.

"ಅಲ್ಲವ್ವಾ, ಅಳಿಯ ನಿಯಾಜ ಹುಬ್ಬಳ್ಳಿ ಬಿಟ್ಟು ಇಲ್ಲೇ ಹೊಲಿಗಿ ಅಂಗಡಿ ಹಾಕ್ತೇನಿ ಅನ್ನಾಕತ್ತಾನ. ಮಗಳು ದಿನಾ ನೀವಿರೋ ಮನೀನ ಕೇಳ್ತಾಳ. ನಿಮ್ಮನ್ನ ಬಿಡ್ರಿ ಅನ್ನಾಕ ನನಗ ಬಾಯೇ ಬರವಲ್ದಾಗಿತ್ತು!"

ಮಂಜವ್ವ ಒಂದು ಹೆಜ್ಜೆ ಮುಂದೆ ಬಂದಳು. "ಹಂಗಾದ್ರ ನಾಳೆನ ಬಿಡಬೇಕೇನ್ರಿ?"

"ಛೇ, ಛೇ! ನಿನ್ನ ಮನಿಗೆ ಹಂಚು ಬೀಳೂತನಕ ಆರಾಮ ಇರು. ಮಗಳು ಅಳಿಯಾನೂ ಗಂಟು ಕಟ್ಟಬೇಕಲ್ಲ!"

ಈಗ ಅವಳಿಗೂ ನಗು ತಡೆಯಲಿಲ್ಲ. ಅನ್ನವ್ವನ ಬಾಗಿಲಲ್ಲಿ ಸುದ್ದಿ ಹೇಳಿದ ಜೋರಿಗೆ ಇಡೀ ಓಣಿ ಹೊರಗೆ ಬಂತು. ಗುದ್ಲೆಪ್ಪ ತಲೆ ಕೆರೆದುಕೊಂಡು, "ನೀ ಹೇಳಿದ್ದ ಚಲೋ ಆತು ಬಿಡು," ಎಂದ.

ಬಸವ ಜಯಂತಿಯ ಬೆಳಿಗ್ಗೆ ಮಂಜವ್ವ ಗೋಡೆಯ ಮೊಳೆಗಳನ್ನು ಕಿತ್ತು ತೂತುಗಳಿಗೆ ಮಣ್ಣು ಮೆತ್ತಿದಳು, ನೆಲ ಸಾರಿಸಿದಳು. ಅಲ್ಲಾಭಕ್ಷನ ಮಗಳ ಕೈಗೆ ಕೀಲಿ ಕೊಟ್ಟು, ಗಾಳಿಗೆ ಬಡಿದುಕೊಳ್ಳುವ ಕಿಟಕಿ ಯಾವುದೆಂದು ತೋರಿಸಿದಳು. ಇಬ್ಬರೂ ಒಬ್ಬರಿಗೊಬ್ಬರು ಅರಿಷಿಣ ಹಚ್ಚಿದ ಕೊಬ್ಬರಿ ಬಟ್ಟಲು, ಎಲೆಯ ಕಟ್ಟು ಕೊಟ್ಟುಕೊಂಡರು.

ಬಂಡಿ ಹೊರಟಿತು. ಮಂಜವ್ವ ಮಾತ್ರ ಹತ್ತಲಿಲ್ಲ. ಎತ್ತುಗಳಿಗಿಂತ ಮುಂದೆ ದಾಪುಗಾಲು ಹಾಕುತ್ತಿದ್ದಳು.

"ಹತ್ತ, ದಾರಿ ದೂರ ಐತಿ," ಎಂದು ಗುದ್ಲೆಪ್ಪ ಕೂಗಿದ.

"ನಿಮ್ಮ ಎತ್ತು ಭಾಳ ಸಾವಕಾಶ ನಡೀತಾವ್ರಿ!" ಎಂದು ಅವಳು ಹಿಂತಿರುಗಿಯೂ ನೋಡದೆ ನಡೆದಳು.